ಪೂರ್ವಾಳ ಮಂಗಲಾಷ್ಟಕ

ನನ್ನ ಭಾವ ಮಾರ್ತಾಂಡರಾಯರು ದೊಡ್ಡ ಮನುಷ್ಯರೇನೂ ಅಲ್ಲ. ಪುಣೆಯ ತುದಿಗೆ, ಕಾತ್ರಜದಲ್ಲಿ, ಸಾತಾರಾ ಕಡೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಟಿಕೀಟು ಹರಿದುಕೊಟ್ಟರು, ಅಷ್ಟೇ. ಧಾರವಾಡದ ಹತ್ತಿರದ ಅಮ್ಮಿನಭಾವಿಯಿಂದ ಎಪ್ಪತ್ತಾರರಲ್ಲಿ ಬಂದವರು. ಎರಡು ಖೋಲಿಯ ಬಾಡಿಗೆ ಮನೆ, ಹೆಂಡತಿ ಗಂಗೂಬಾಯಿ, ಅಂದರೆ ನನ್ನ ಅಕ್ಕ, ಒಬ್ಬಳೇ ಮಗಳು ಪೂರ್ವಾ. ಬಸ್ಸು ಬಿಡುವ ಹೊತ್ತಿಗೆ ಭಾವ ಆಫೀಸಿನ ಬಾಗಿಲಿಗೆ ಬಂದು ನಿಂತು ಸಾತಾರಾ, ಕರಾಡ, ಕೊಲ್ಹಾಪುರ, ಬೆಳಗಾವಿ, ಧಾರವಾಡ ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದರು. ರಸ್ತೆಯ ಆ ಕಡೆ ಚಹಾ ಕುಡಿಯುತ್ತಿದ್ದವರು ಗ್ಲಾಸು ಇಟ್ಟು ಓಡಿ ಬರುತ್ತಿದ್ದರು. ಮೈಕು ಬೇಕೇ ಎಂದು ಮಾಲೀಕ ಒಮ್ಮೆ ಕೇಳಿದ್ದಕ್ಕೆ ಡ್ರೈವರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ.

ಆದರೆ ಆ ದನಿಯ ನಿಜವಾದ ಕೆಲಸ ಮದುವೆಗಳಲ್ಲಿತ್ತು. ನಮ್ಮ ಕಡೆ ಅಕ್ಷತೆಯ ಹೊತ್ತಿಗೆ ವಧು-ವರರ ನಡುವೆ ಅಂತರಪಟ ಹಿಡಿದು ಮಂಗಲಾಷ್ಟಕ ಹಾಡುತ್ತಾರೆ. ಎಂಟು ಪದ್ಯ, ಒಂದೊಂದರ ಕೊನೆಗೂ 'ಶುಭಮಂಗಲ ಸಾವಧಾನ', ಅದಕ್ಕೆ ಸರಿಯಾಗಿ ಮಂದಿ ಅಕ್ಷತೆ ಎಸೆಯುವುದು. ಪುರೋಹಿತರು ಹೇಳಿಯೇ ಹೇಳುತ್ತಾರೆ, ಆದರೂ ಮನೆಯವರಲ್ಲಿ ಯಾರಿಗಾದರೂ ಕಂಠವಿದ್ದರೆ ಅವರು ಹಾಡಲೆಂದು ಎಲ್ಲರಿಗೂ ಆಸೆ. ಪುಣೆಯ ಕನ್ನಡದವರಲ್ಲಿ ಆ ಕಂಠ ನಮ್ಮ ಭಾವನವರದು. ಎಂಟನೆಯ ಪದ್ಯವನ್ನು ಅವರು ಪ್ರತಿ ಮದುವೆಗೂ ಹೊಸದಾಗಿ ಕಟ್ಟುತ್ತಿದ್ದರು. ಹುಡುಗಿಯ ಹೆಸರು, ಹುಡುಗನ ಹೆಸರು, ಅಜ್ಜ-ಅಜ್ಜಿಯ ಹೆಸರು, ಮನೆಯ ಒಂದೆರಡು ತಮಾಷೆ, ಎಲ್ಲ ಅದರಲ್ಲಿ ಬರುತ್ತಿತ್ತು. ಭೋರ್‌ನಲ್ಲಿ ಒಂದು ಮರಾಠಿ ಮದುವೆಗೆ ಮರಾಠಿಯಲ್ಲೇ ಕಟ್ಟಿ ಹಾಡಿ ಬೀಗರನ್ನು ಅಳಿಸಿ ಬಂದಿದ್ದರು. ಒಂದು ತೆಂಗಿನಕಾಯಿ, ಅಕ್ಕನಿಗೊಂದು ಕುಪ್ಪಸದ ಖಣ, ಅದರ ಮೇಲೆ ಏನನ್ನೂ ಮುಟ್ಟುತ್ತಿರಲಿಲ್ಲ.

ಒಂದು ನಿಯಮ ಮಾತ್ರ ಬಿಗಿಯಾಗಿತ್ತು. ಎಂಟನೆಯ ಪದ್ಯ ಅಕ್ಷತೆಯ ಹೊತ್ತಿಗೇ ಹೊರಬರಬೇಕು. ಮೊದಲೇ ಯಾರಿಗೂ ಕೇಳಿಸಕೂಡದು, ಮದುಮಗಳಿಗಂತೂ ಖಂಡಿತ ಕೂಡದು. ಬರೆದೂ ಇಡುತ್ತಿರಲಿಲ್ಲ. ಮೊದಲೇ ಕೇಳಿದ ಮಂಗಲಾಷ್ಟಕ ಹಳಸಿದ ಅನ್ನ ಎನ್ನುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಮಧ್ವೇಶ, ಗಂಗೂಬಾಯಿಯ ತಮ್ಮ. ತೊಂಬತ್ಮೂರರಲ್ಲಿ ಬರಿಗೈಯಲ್ಲಿ ಪುಣೆಗೆ ಬಂದು ಅವರ ಹೊರಖೋಲಿಯಲ್ಲಿ ಆರು ವರ್ಷ ಹಾಸಿಗೆ ಹಾಸಿದವನು. ಭಾವ ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಪುಣೆ ಕ್ಯಾಂಪಿನ ಒಂದು ಅಂಗಡಿಯಲ್ಲಿ ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಕೆಲಸ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಅದರ ಜೊತೆಗೆ ಸೊಕ್ಕೂ ಬಂದಿತ್ತು. ಸಿಟ್ಟಂತೂ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದೆ. ಗಿರಾಕಿ ಪಕ್ಕದಲ್ಲಿ ನಿಂತು ಅದೇನು, ಇದೇನು ಎಂದು ಕೇಳಿದರೆ ನನಗೆ ತಲೆ ಕೆಡುತ್ತಿತ್ತು.

ಎರಡು ಸಾವಿರದ ಒಂದರಲ್ಲಿ ಪೂರ್ವಾಳ ಕಾಲೇಜಿಗೆಂದು ನಾನೇ ಬಿಡಿಭಾಗ ತಂದು ಒಂದು ಕಂಪ್ಯೂಟರ್ ಜೋಡಿಸಿಕೊಟ್ಟೆ. ಎಲ್ಲರ ಮನೆಯಂತೆ ವಿಂಡೋಸ್ ಹಾಕಿದೆ. ಆಗ ನನಗೆ ವಿಂಡೋಸಿನ ಬದಲು ಬಳಸುವ ಲಿನಕ್ಸಿನ ಹುಚ್ಚು ಹೊಸದಾಗಿ ಹಿಡಿದಿತ್ತು, ಅದನ್ನೂ ಹಾಕಿದೆ. ಒಂದೇ ಮನೆ, ಎರಡು ಖೋಲಿ ಎಂದು ತಿಳಿಯಿರಿ. ಚಾಲೂ ಮಾಡಿದ ಕೂಡಲೇ ಪರದೆಯ ಮೇಲೆ ಎರಡು ಹೆಸರು ಬರುತ್ತವೆ, ಯಾವ ಖೋಲಿಗೆ ಹೋಗಬೇಕೋ ಆರಿಸಿಕೊಳ್ಳಬೇಕು. ವಿಂಡೋಸಿನಲ್ಲಿದ್ದವನಿಗೆ ಲಿನಕ್ಸಿನ ಸಾಮಾನು ಕಾಣುವುದಿಲ್ಲ. ತಿಂಗಳಿಗೊಮ್ಮೆ ವೈರಸ್ ಬಂದು ವಿಂಡೋಸ್ ಮಲಗುತ್ತಿದ್ದ ಕಾಲ ಅದು. ಲಿನಕ್ಸಿನಲ್ಲಿ ಇಟ್ಟದ್ದನ್ನು ಯಮ ಬಂದರೂ ಅಳಿಸಲಾರ ಎಂದು ನಾನು ಆ ಮನೆಯಲ್ಲಿ ನೂರು ಸಲ ಹೇಳಿದ್ದೇನೆ. ಪೂರ್ವಾ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಎರಡು ಸಾವಿರದ ಮೂರರ ದೀಪಾವಳಿಯ ಹೊತ್ತಿಗೆ ಭಾವನವರ ದನಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಅಕ್ಕ ಅರಿಶಿನದ ಹಾಲು ಕುಡಿಸಿದಳು. ಅಕ್ಕನಿಗೆ ಗೊತ್ತಾಗದಂತೆ ಸೇದುತ್ತಿದ್ದ ಸಿಗರೇಟಿನ ವಿಷಯ ನನಗೆ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಜನವರಿಯಲ್ಲಿ ಡಾಕ್ಟರು ಹೇಳಿದರು, ಗಂಟಲಲ್ಲಿ ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕತ್ತಿನಲ್ಲಿ ತೂತು ಮಾಡಿ ಅಲ್ಲಿಂದಲೇ ಉಸಿರಾಟ, ಮಾತು ಇನ್ನಿಲ್ಲ. ಜೀವ ಉಳಿಯುತ್ತದೆಯಲ್ಲ ಎಂದು ಅಕ್ಕ ಒಂದೇ ಮಾತಿಗೆ ಒಪ್ಪಿದಳು.

ಆಪರೇಷನ್ನಿಗೆ ಐದು ದಿನ ಇರುವಾಗ ಅವರು ಕ್ಯಾಂಪಿನ ನಮ್ಮ ಅಂಗಡಿಗೆ ಬಂದರು. ಹತ್ತು ವರ್ಷದಲ್ಲಿ ಒಮ್ಮೆಯೂ ಬಂದವರಲ್ಲ. ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತು, ಒಡಕು ದನಿಯಲ್ಲಿ ಹೇಳಿದರು: "ಪೂರ್ವಾನ ಲಗ್ನದಾಗ ಮಂಗಲಾಷ್ಟಕ ನಾನ ಹಾಡಬೇಕು, ಮಧ್ವೇಶ. ಈ ವಾರ ದನಿ ಅದ. ಮುಂದಿನ ವಾರ ಇರೂದಿಲ್ಲ. ನಿನ್ನ ಮಷಿನ್ನಿನ್ಯಾಗ ಹಿಡದು ಇಡಲಿಕ್ಕೆ ಬರ್ತದೇನು?"

ಪೂರ್ವಾಳಿಗೆ ಇನ್ನೂ ಇಪ್ಪತ್ತೊಂದು. ಗಂಡು ನೋಡುವ ಮಾತೇ ಎತ್ತಿರಲಿಲ್ಲ. ಅಳಿಯನ ಹೆಸರು ಗೊತ್ತಿಲ್ಲದೆ ಎಂಟನೆಯದನ್ನು ಹೇಗೆ ಕಟ್ಟುತ್ತೀರಿ ಎಂದು ನಾನು ಕೇಳಿದೆ. ಹೆಸರಿನ ಜಾಗದಲ್ಲಿ 'ಬಂದವನೇ' ಎಂದು ಹಾಡಿದರಾಯಿತು, ಯಾರಾದರೂ ಬಂದೇ ಬರುತ್ತಾನಲ್ಲ ಎಂದು ನಕ್ಕರು. ನಗುವುದಕ್ಕೆ ಹೋಗಿ ಕೆಮ್ಮು ಹತ್ತಿತು. ನಾನು ಅಂಗಡಿ ಬಿಟ್ಟು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಹೊರಟೆ.

ಅಕ್ಕ ಮಠಕ್ಕೆ ಹೋಗಿದ್ದಳು, ಪೂರ್ವಾ ಕಾಲೇಜಿನಲ್ಲಿದ್ದಳು. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಮೈಕನ್ನು ನಾಲ್ಕು ಪುಸ್ತಕಗಳ ಮೇಲೆ ಇಟ್ಟೆ. ಭಾವ ಕೈಕಾಲು ತೊಳೆದು ಬಂದು, ಮದುವೆಗೆ ಹೊದೆಯುವ ಶಲ್ಯ ಹೊದ್ದು ಕೂತರು. ಎರಡು ಸಲ ಕೆಮ್ಮು ಬಂದು ನಿಲ್ಲಿಸಬೇಕಾಯಿತು. ಮೂರನೆಯ ಸಲ ಎಂಟೂ ಪದ್ಯ ನಿಲ್ಲದೆ ಹಾಡಿದರು. ಹನ್ನೊಂದು ನಿಮಿಷ ಆಯಿತು. ಮುಗಿದ ಮೇಲೆ ಶಲ್ಯದಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದರು, ನಾನು ಅಡಿಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ.

ಅದನ್ನು ಲಿನಕ್ಸಿನ ಖೋಲಿಯಲ್ಲೇ ಇಟ್ಟೆ, ಪಾಸ್‌ವರ್ಡ್ ಹಾಕಿ. ಪೂರ್ವಾಳ ಕೈಗೆ ಸಿಗಬಾರದಲ್ಲ. ಅಷ್ಟಕ್ಕೇ ಬಿಡದೆ, ವಿಂಡೋಸಿನಲ್ಲಿ ಆ ಜಾಗದ ಗುರುತು ಸಹ ಕಾಣದಂತೆ ಮರೆಮಾಡಿದೆ. ಯಾಕೆಂದರೆ ಆ ಖೋಲಿಯನ್ನು ನಾನು ಮೊದಲು ವಿಂಡೋಸಿನಿಂದಲೇ ಕಡಿದು, ಮೇಲಿನ ಹಳೆಯ ಗುರುತು ತೆಗೆಯದೆ ಹಾಗೇ ಲಿನಕ್ಸ್ ಹಾಕಿದ್ದೆ, ಹಾಗಾಗಿ ಒಳಗಿನ ಸಾಮಾನು ಕಾಣದಿದ್ದರೂ ಅಲ್ಲೊಂದು ಖೋಲಿ ಇದೆ ಎಂಬುದು ವಿಂಡೋಸಿಗೆ ಕಾಣುತ್ತಿತ್ತು. ಗುರುತು ಸರಿಪಡಿಸುವುದು ಐದು ನಿಮಿಷದ ಕೆಲಸ. ಮರೆಮಾಡುವುದು ಅರ್ಧ ನಿಮಿಷದ್ದು, ಅದನ್ನೇ ಮಾಡಿದೆ. ಒಂದು ಸಿಡಿಗೆ ಹಾಕಿಕೊಡಲೇ ಎಂದು ಭಾವನವರನ್ನು ಕೇಳಿದ್ದು ನಿಜ. ಸಿಡಿ ಎಂದರೆ ಮನೆಯಲ್ಲಿ ಯಾರಾದರೂ ಹಚ್ಚಿ ಕೇಳಿಬಿಡುತ್ತಾರೆ, ಬೇಡ ಎಂದರು. ಅಂಗಡಿಯಲ್ಲಿ ನನ್ನ ಹತ್ತಿರ ಒಂದು ಇಟ್ಟುಕೊಳ್ಳಬಹುದಿತ್ತು. ಇವತ್ತು ನಾಳೆ ಎನ್ನುತ್ತ ಇಟ್ಟುಕೊಳ್ಳಲಿಲ್ಲ.

ಆಪರೇಷನ್ ಆಯಿತು. ಭಾವನವರ ಕೊರಳಿಗೆ ಒಂದು ಪಾಟಿ ಬಂತು, ಮಕ್ಕಳು ಬರೆಯುವ ಸಣ್ಣ ಪಾಟಿ, ಅದಕ್ಕೆ ಕಟ್ಟಿದ ಬಳಪ. ಕತ್ತಿನ ತೂತಿನ ಮೇಲೆ ಅಕ್ಕ ಹಳೆಯ ಪಂಚೆಯ ತೆಳುಬಟ್ಟೆ ಕಟ್ಟುತ್ತಿದ್ದಳು, ಉಸಿರಾಡಿದಾಗೊಮ್ಮೆ ಅದು ಸ್ವಲ್ಪ ಏಳುತ್ತಿತ್ತು. ಟಿಕೀಟಿನ ಕಿಟಕಿಯಲ್ಲಿ ಪಾಟಿ ಹಿಡಿದು ಕೂತವನ ಹತ್ತಿರ ಯಾರು ನಿಲ್ಲುತ್ತಾರೆ? ಕಂಪನಿಯವರು ಕೆಲಸ ಬಿಡಿಸಲಿಲ್ಲ, ಆದರೆ ಹಿಂದಿನ ಪಾರ್ಸಲ್ ಖೋಲಿಗೆ ಕಳಿಸಿದರು. ಅಲ್ಲಿ ಚೀಟಿ ಅಂಟಿಸಿಕೊಂಡು ಕೂತಿರುತ್ತಿದ್ದರು. ಹೊರಗೆ ಹೊಸಬನೊಬ್ಬ ಊರುಗಳ ಹೆಸರು ಕೂಗುತ್ತಿದ್ದ, ಕರಾಡ ಬಿಟ್ಟು ಕೊಲ್ಹಾಪುರಕ್ಕೆ ಹಾರುತ್ತಿದ್ದ. ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಇಷ್ಟರಲ್ಲಿ ಮಂಗಲಾಷ್ಟಕದ ವಿಷಯ ಅಕ್ಕನಿಗೆ ತಿಳಿದು, ಅಕ್ಕನಿಂದ ಊರಿಗೆಲ್ಲ ತಿಳಿಯಿತು. ಪೂರ್ವಾ ಅದನ್ನು ಕೇಳಿ ಒಂದು ದಿನ ಊಟ ಮಾಡಲಿಲ್ಲ. ಅಪ್ಪನ ದನಿ ಮನೆಯಲ್ಲೇ ಇದೆ, ತನಗೆ ಕೇಳುವ ಹಾಗಿಲ್ಲ. ಕೊಡು ಮಾಮಾ, ಒಂದೇ ಪದ್ಯ ಕೇಳುತ್ತೇನೆ ಎಂದು ಒಮ್ಮೆ ಗೋಗರೆದಳು. ಭಾವ ಪಾಟಿಯ ಮೇಲೆ 'ಅಕ್ಷತಿ ಹೊತ್ತಿಗೆ' ಎಂದಷ್ಟೇ ಬರೆದು ತೋರಿಸಿದರು. ಆಮೇಲೆ ಅವಳು ಕೇಳಲಿಲ್ಲ, ಕಾಯುತ್ತಿದ್ದಳು. ಬೆಳಗಾವಿಯ ಸಂಬಂಧ ಬಂದಾಗ ಹುಡುಗ ಹಿಡಿಸಿದನೇ ಎಂದು ಅಕ್ಕ ಕೇಳಿದ್ದಕ್ಕೆ, ಬೇಗ ಮಾಡಿಬಿಡ್ರಿ, ಅಪ್ಪನ ದನಿ ಕೇಳಬೇಕು ಎಂದಳಂತೆ. ಎರಡು ಸಾವಿರದ ಐದರ ಡಿಸೆಂಬರಿಗೆ ಮುಹೂರ್ತ ಇಟ್ಟರು.

ದಸರೆಯ ಹೊತ್ತಿಗೆ ಕಂಪ್ಯೂಟರಿನ ವಿಂಡೋಸ್ ಮತ್ತೆ ಮಲಗಿತು. ನಾನು ಕೆಲಸದ ಮೇಲೆ ನಾಸಿಕಕ್ಕೆ ಹೋಗಿದ್ದೆ. ಪೂರ್ವಾ ತಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಆಫೀಸಿನ ಗೆಳತಿಯನ್ನು ಕರೆಸಿ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡಳು. ಅದಾದ ಮೇಲೆ ಚಾಲೂ ಮಾಡಿದರೆ ಎರಡು ಹೆಸರಿನ ಪಟ್ಟಿಯೇ ಬರುತ್ತಿಲ್ಲ, ಸೀದಾ ವಿಂಡೋಸ್ ಬರುತ್ತದೆ. ಅಕ್ಕ ಗಾಬರಿಯಾಗಿ ನನಗೆ ಫೋನು ಮಾಡಿದಳು. ನಾನು ನಕ್ಕೆ. ಹೊಸ ವಿಂಡೋಸ್ ಬಂದಾಗ ಬಾಗಿಲ ಮೇಲಿನ ಇನ್ನೊಬ್ಬರ ಹೆಸರಿನ ಫಲಕ ಕಿತ್ತು ಬಿಸಾಡುತ್ತದೆ, ಖೋಲಿಯೊಳಗಿನ ಸಾಮಾನು ಇದ್ದಲ್ಲೇ ಇರುತ್ತದೆ, ಫಲಕ ಮತ್ತೆ ಹಚ್ಚುವುದು ನನ್ನ ಎಡಗೈ ಕೆಲಸ ಎಂದೆ. ಅದು ನಿಜವೇ ಆಗಿತ್ತು. ಆ ಹೊತ್ತಿಗೆ ಸಾಮಾನು ಇದ್ದಲ್ಲೇ ಇತ್ತು.

ಮದುವೆಗೆ ಮೂರು ವಾರ ಇರುವಾಗ ಒಂದು ರವಿವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಹಾಡನ್ನು ಹೊರತೆಗೆದು ಮದುವೆಯ ಕಾರ್ಯಾಲಯದ ಸ್ಪೀಕರಿನವನಿಗೆ ಸಿಡಿ ಮಾಡಿಕೊಡಬೇಕಿತ್ತು. ಭಾವ ಪಾಟಿ ಹಾಕಿಕೊಂಡು ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ಮನೆ ತುಂಬ ಗದ್ದಲ, ಹಪ್ಪಳ ಲಟ್ಟಿಸುವ ಹೆಂಗಸರು, ಪತ್ರಿಕೆ ಹಂಚುವ ಪಟ್ಟಿ, ಫೋನು. ಆ ಫಲಕ ಮತ್ತೆ ಹಚ್ಚಲು ನಾನು ತಂದಿದ್ದ ಲಿನಕ್ಸ್ ಸಿಡಿಯ ಮೇಲೆ ಗೀರು ಬಿದ್ದು ಓದುತ್ತಿರಲಿಲ್ಲ. ಅಂಗಡಿಯ ಜೊತೆಗಾರ ಸ್ವಪ್ನಿಲ್‌ಗೆ ಫೋನು ಮಾಡಿ ಬೇರೆ ಸಿಡಿ ತರಲು ಹೇಳಿದೆ. ಮಧ್ಯಾಹ್ನ ಬರುತ್ತೇನೆ ಎಂದ. ಅಲ್ಲಿಗೇ ನನ್ನ ತಲೆ ಕೆಟ್ಟಿತ್ತು.

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಸ್ವಪ್ನಿಲ್ ಬರುವುದರೊಳಗೆ ವಿಂಡೋಸಿನ ಸಾಮಾನನ್ನೆಲ್ಲ ಬೇರೆಡೆ ಒಂದು ಪ್ರತಿ ಮಾಡಿ ಇಡೋಣ, ಮದುವೆ ಮನೆ, ಹೆಚ್ಚುಕಡಿಮೆ ಆಗಬಾರದು ಎಂದುಕೊಂಡೆ. ನೋಡಿದರೆ ವಿಂಡೋಸಿನಲ್ಲಿ ಡಿ ಎಂಬ ಇನ್ನೊಂದು ಜಾಗ ಕಾಣುತ್ತಿತ್ತು. ಒತ್ತಿದೆ. ಈ ಜಾಗ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಕೇಳಿತು. ಲಿನಕ್ಸಿನ ಖೋಲಿ ವಿಂಡೋಸಿಗೆ ಕಾಣುವುದಿಲ್ಲ ಎಂಬುದು ನನ್ನ ತಲೆಯಲ್ಲಿ ಶಾಸನ. ಎಲ್ಲ ಗಿರಾಕಿಗಳ ಮನೆಯಲ್ಲೂ ನಾನು ಒಂದು ಖಾಲಿ ಜಾಗ ಬಿಡುತ್ತಿದ್ದೆ, ಇದು ಅದೇ ಎಂದು ತೀರ್ಮಾನ ಮಾಡಿದೆ. ಈ ಮನೆಯಲ್ಲಿ ಮಾತ್ರ ಖಾಲಿ ಜಾಗ ಬಿಟ್ಟಿರಲಿಲ್ಲ. ನಾನೇ ಮರೆಮಾಡಿದ್ದ ಗುರುತು ಹೊಸ ವಿಂಡೋಸಿನಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ನಡುವೆ ಮುನ್ನೂರು ಕಂಪ್ಯೂಟರ್ ಜೋಡಿಸಿದ್ದೆ, ಮರೆತಿದ್ದೆ.

ಹೌದು ಎಂದು ಒತ್ತಿದೆ. ಈ ಜಾಗದಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬಂತು. ಭಾವನವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಹಿಂದಿನಿಂದ ನನ್ನ ಭುಜ ತಟ್ಟಿದರು. ನಾನು ತಿರುಗಲಿಲ್ಲ. ಮತ್ತೆ ತಟ್ಟಿ ಪಾಟಿಯನ್ನು ನನ್ನ ಮುಖದ ಮುಂದೆ ತಂದರು. 'ಅಳಸ್ತದಂತ ಅದ. ಯಾವುದನ್ನ?' ಎಂದು ಬರೆದಿದ್ದರು. ಪಾಟಿ ಪರದೆಗೆ ಅಡ್ಡ ಬಂದಿತ್ತು. ನಾನು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದೆ.

"ಸುಮ್ಮನ ಕೂಡ್ರಿ ಭಾವಾ," ಎಂದೆ. "ನಿಮಗ ಇದು ತಿಳಿಯೂದಿಲ್ಲ."

ಅವರು ಸುಮ್ಮನೆ ಕೂತರು. ದನಿ ಇದ್ದಿದ್ದರೆ ಹೆದ್ದಾರಿಯ ಆ ಕಡೆಗೆ ಕೇಳುವಂತೆ ನಿಲ್ಲಿಸು ಎನ್ನುತ್ತಿದ್ದರು, ನನ್ನ ಕೈ ನಿಲ್ಲುತ್ತಿತ್ತು. ನಾನು ಸರಿ ಎಂದು ಒತ್ತಿದೆ. ಆಮೇಲೆ ಪೂರ್ವಾಳ ಫೋಟೋ, ಸಿನಿಮಾ ಹಾಡು, ಆಫೀಸಿನ ಕಾಗದ, ಎಲ್ಲವನ್ನೂ ಆ ಜಾಗಕ್ಕೆ ಸುರಿದೆ. ಎರಡು ತಾಸು ಹಿಡಿಯಿತು. ಜಾಗ ಹೆಚ್ಚುಕಡಿಮೆ ತುಂಬಿತು. ನಾನು ಹೊರಗೆ ಹೋಗಿ ಹಸಿ ಹಪ್ಪಳ ತಿಂದು ಹೆಂಗಸರನ್ನು ಕಾಡಿಸಿ ಬಂದೆ.

ಸ್ವಪ್ನಿಲ್ ಸಿಡಿ ತಂದ. ಹಾಕಿ ಚಾಲೂ ಮಾಡಿದೆ. ಅದು ಹುಡುಕಿ ಹುಡುಕಿ, ಇದರಲ್ಲಿ ಲಿನಕ್ಸಿನ ಜಾಗ ಯಾವುದೂ ಇಲ್ಲ ಎಂದಿತು. ಮತ್ತೆ ಮಾಡಿದೆ, ಅದನ್ನೇ ಹೇಳಿತು. ಡಿಸ್ಕಿನ ಪಟ್ಟಿ ತೆಗೆದು ನೋಡಿದೆ, ಎರಡೇ ಖೋಲಿ. ಒಂದು ವಿಂಡೋಸಿನದು, ಇನ್ನೊಂದು ನಾನು ಬೆಳಿಗ್ಗೆ ಬಳಿದು ತೊಳೆದು ಸಾಮಾನು ತುಂಬಿದ್ದು. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಭಾವ ಪರದೆಯನ್ನು ಓದಿದ್ದರು. ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, ಒಂದು ಗಳಿಗೆ ನಿಂತು, ಹಪ್ಪಳ ಒಣಗಿಸಿದ ಬಾಲ್ಕನಿಗೆ ಹೋದರು.

ಡಿಸ್ಕು ಬಿಚ್ಚಿಕೊಂಡು ಹೋಗಿ ಹದಿನೈದು ದಿನ ಹೆಣಗಿದೆ. ನನಗೆ ಬಂದದ್ದೆಲ್ಲ ಮಾಡಿದೆ. ಬರದವರ ಕಾಲೂ ಹಿಡಿದೆ, ಬಂದವರ ಕಾಲೂ ಹಿಡಿದೆ. ಬರೀ ಫಾರ್ಮ್ಯಾಟ್ ಆಗಿದ್ದರೆ ಸಿಗುತ್ತಿತ್ತು, ಮೇಲೆ ಇಷ್ಟೆಲ್ಲ ಯಾಕೆ ಸುರಿದಿರಿ ಎಂದು ಎಲ್ಲರೂ ಒಂದೇ ಮಾತು ಕೇಳಿದರು. ಕೊನೆಗೆ ಭಾವನವರ ಹತ್ತಿರ ಕೂತು, ಪದ್ಯವನ್ನಾದರೂ ಬರೆದುಕೊಡಿ, ಬೇರೆ ಯಾರಾದರೂ ಹಾಡಲಿ ಎಂದು ಬೇಡಿಕೊಂಡೆ. ಬಳಪ ಹಿಡಿದರು. ಎರಡು ಶಬ್ದ ಬರೆದರು, ಅಳಿಸಿದರು. ಆಮೇಲೆ ಬರೆದದ್ದು ಇಷ್ಟು: 'ಹಾಡಿದ್ರ ಬರತಿತ್ತು. ಬರದ್ರ ಬರೂದಿಲ್ಲ.'

ದೇವರಕಾರ್ಯದ ದಿನ, ಮನೆಯಲ್ಲಿ ಇಪ್ಪತ್ತು ಮಂದಿ ಇರುವಾಗ, ಪೂರ್ವಾ ಕೈತುಂಬ ಹಸಿರು ಬಳೆ ಹಾಕಿಕೊಂಡು ಬಂದು ಕೇಳಿದಳು, ಮಾಮಾ, ಸಿಡಿ ತಯಾರಾಯಿತೇ ಎಂದು. ನಾನು ಆ ಹದಿನೈದು ದಿನವೂ ಅವಳಿಗಾಗಲಿ ಅಕ್ಕನಿಗಾಗಲಿ ಹೇಳಿರಲಿಲ್ಲ. ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ, ನಿಜವೋ ಸುಳ್ಳೋ. ಅಷ್ಟರಲ್ಲಿ ಭಾವ ಪಾಟಿಯ ಮೇಲೆ ಬಳಪದಿಂದ ಟಕಟಕ ಬಡಿದರು. ಎಲ್ಲರೂ ಆ ಕಡೆ ನೋಡಿದರು. ಬರೆದು ಮಗಳಿಗೆ ತೋರಿಸಿದರು: 'ನಾನ ಅಳಿಸಿಬಿಟ್ಟೆ. ಕೇಳಿ ನೋಡಿದೆ. ದನಿ ಒಡದಿತ್ತು. ನನಗ ಸೇರಲಿಲ್ಲ.'

ಪೂರ್ವಾ ಓದಿದಳು. ಇನ್ನೊಮ್ಮೆ ಓದಿದಳು.

"ಒಡದಿದ್ರ ಒಡದಿತ್ತು," ಎಂದಳು. "ನಂದಿತ್ತಲ್ಲ ಅಪ್ಪಾ ಅದು. ನನ್ನ ಕೇಳಬೇಕಿತ್ತು."

ಭಾವ ಪಾಟಿ ಒರೆಸಿಬಿಟ್ಟರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಎಲ್ಲರೆದುರಿಗೇ ಗಂಡನನ್ನು ಬಾಯಿಗೆ ಬಂದಂತೆ ಅಂದಳು, ಮಗಳ ಮದುವೆಯ ಹೊತ್ತಿಗೇ ಈ ಮೊಂಡುತನ ಬರಬೇಕೇ ಎಂದು. ನಾನು ಅಲ್ಲೇ ನಿಂತಿದ್ದೆ. ಹೇಡಿ ನಾನು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಸಂಜೆ ಬಾಲ್ಕನಿಯಲ್ಲಿ ಯಾಕೆ ಹೀಗೆ ಮಾಡಿದಿರಿ ಎಂದು ಅವರನ್ನು ಕೇಳಿದೆ. ನಮ್ಮ ಮದುವೆಗಳಲ್ಲಿ ಮದುಮಗಳನ್ನು ಕೈ ಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಅಂತರಪಟ ಹಿಡಿದಷ್ಟು ಹೊತ್ತೂ ಅವಳ ಬೆನ್ನ ಹಿಂದೆ ನಿಲ್ಲುವವನೂ ಅವನೇ. ಭಾವ ಪಾಟಿಯ ಎರಡೂ ಬದಿಗೆ ಸಣ್ಣ ಅಕ್ಷರದಲ್ಲಿ ಬರೆದರು: 'ನಾಡಿದ್ದು ನೀ ಅಕಿ ಹಿಂದ ನಿಲ್ಲಬೇಕು. ನಿನ್ನ ಮ್ಯಾಲ ಸಿಟ್ಟಿದ್ರ ಅಕಿ ಹ್ಯಾಂಗ ನಿಲ್ಲಬೇಕು? ಅಪ್ಪನ ಮ್ಯಾಲಿನ ಸಿಟ್ಟು ನಾಕು ದಿನದ್ದು. ಆಮ್ಯಾಲ ಹೇಳೋಣು.'

ಮದುವೆಯ ದಿನ ನಾನು ಪೂರ್ವಾಳ ಕೈ ಹಿಡಿದು ತಂದೆ. ಬೆನ್ನ ಹಿಂದೆ ನಿಂತೆ. ಪುರೋಹಿತರು ತಮ್ಮ ಗೊಗ್ಗರು ದನಿಯಲ್ಲಿ ಎಂಟೂ ಪದ್ಯ ಮುಗಿಸಿದರು, ಪುಸ್ತಕದಲ್ಲಿದ್ದವು, ಯಾರಿಗೆ ಬೇಕಾದರೂ ಹೊಂದುವಂಥವು. ಭಾವ ಮಂಟಪದ ಪಕ್ಕಕ್ಕೆ ಶಲ್ಯ ಹೊದ್ದು ನಿಂತಿದ್ದರು. ಅವರ ತುಟಿ ಅಲ್ಲಾಡುತ್ತಿದ್ದವು. ಎಂಟನೆಯ ಪದ್ಯದ ಹೊತ್ತಿಗೆ ಪುರೋಹಿತರು ನಿಲ್ಲಿಸಿದ ಮೇಲೂ ಇವರ ತುಟಿ ಅಲ್ಲಾಡುತ್ತಲೇ ಇದ್ದವು, ಕತ್ತಿನ ಬಟ್ಟೆ ಜೋರಾಗಿ ಎದ್ದೆದ್ದು ಬೀಳುತ್ತಿತ್ತು. ಪೂರ್ವಾ ತಲೆ ತಗ್ಗಿಸಿದ್ದಳು, ಆ ಕಡೆ ನೋಡಲಿಲ್ಲ. ನಾನು ಬಗ್ಗಿ ಅವಳ ಕಿವಿಯಲ್ಲಿ ಅಪ್ಪನನ್ನು ನೋಡು ಎಂದಿದ್ದರೆ ಸಾಕಿತ್ತು.

ನಾಲ್ಕು ದಿನದ ಸಿಟ್ಟು ಎಂದು ಭಾವ ಲೆಕ್ಕ ಹಾಕಿದ್ದು ತಪ್ಪಾಯಿತು. ಅಪ್ಪನದೇ ಹಠ, ಅಪ್ಪನದೇ ಮೌನ ಮಗಳಿಗೂ ಬಂದಿತ್ತು. ಬೆಳಗಾವಿಯಿಂದ ಹಬ್ಬಕ್ಕೆ ಬರುತ್ತಿದ್ದಳು, ಅಕ್ಕನ ಜೊತೆ ಅಡಿಗೆಮನೆಯಲ್ಲಿ ಮಾತು, ಅಪ್ಪನಿಗೆ ನಮಸ್ಕಾರ, ಔಷಧಿ ತಗೊಂಡ್ರೇನು ಎಂಬಷ್ಟು. ಆಮೇಲೆ ಹೇಳೋಣ ಎಂದದ್ದು ಹಾಗೇ ಉಳಿಯಿತು. ನಾನು ಒಂದೆರಡು ಸಲ ಹೇಳಲು ಹೊರಟೆ. ಬಾಣಂತಿ, ಈಗ ಬೇಡ ಎಂದು ಬರೆದರು ಭಾವ. ಇನ್ನೊಮ್ಮೆ ಅಳಿಯ ಬಂದಿದ್ದಾನೆ, ಬೇಡ ಎಂದರು. ಅವರು ಬೇಡ ಎಂದಾಗೆಲ್ಲ ನಾನು ಒಳಗೊಳಗೆ ಬದುಕಿದೆ ಎಂದುಕೊಂಡೆ.

ಎರಡು ಸಾವಿರದ ಎಂಟರಲ್ಲಿ ಕಾಯಿಲೆ ತಿರುಗಿ ಬಂತು, ಈ ಸಲ ಶ್ವಾಸಕೋಶಕ್ಕೆ. ಪೂರ್ವಾ ಕೂಸನ್ನು ಎತ್ತಿಕೊಂಡು ಬಂದಳು. ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತು, ಯಾಕೆ ಅಳಿಸಿದಿರಿ ಎಂದು ಮೊದಲ ಬಾರಿಗೆ ನೇರವಾಗಿ ಕೇಳಿದಳು. ನಾನು ಹಾಸಿಗೆಯ ಆ ಕಡೆ ಕಿತ್ತಳೆ ಸುಲಿಯುತ್ತಿದ್ದೆ. ಭಾವ ನನ್ನ ಕಡೆ ನೋಡಲೂ ಇಲ್ಲ. ಬಳಪ ಹಿಡಿಯುವ ಶಕ್ತಿ ಇರಲಿಲ್ಲ, ಮಗಳ ಅಂಗೈ ಮೇಲೆ ಬೆರಳಿನಿಂದ 'ಸುಮ್ಮನ' ಎಂದು ಬರೆದರು. ಅವಳು ಕೈ ಎಳೆದುಕೊಳ್ಳಲಿಲ್ಲ, ಮತ್ತೇನೂ ಕೇಳಲೂ ಇಲ್ಲ. ನಾನು ಕಿತ್ತಳೆ ಸುಲಿದು ಮುಗಿಸಿದೆ. ಎರಡು ದಿನದ ಮೇಲೆ ಅವರು ಹೋದರು.

ಹದಿಮೂರನೆಯ ದಿನ ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ಪೂರ್ವಾ ಬಾಲ್ಕನಿಯಲ್ಲಿ ಒಬ್ಬಳೇ ಕೂತಿದ್ದಳು. ನಾನು ಹೋಗಿ ಅವಳೆದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಭುಜ ತಟ್ಟಿದ್ದು, ಪಾಟಿ ಸರಿಸಿದ್ದು, ಸುಮ್ಮನೆ ಕೂಡ್ರಿ ಎಂದದ್ದು, ಒಂದನ್ನೂ ಬಿಡಲಿಲ್ಲ. ಕಪಾಳಕ್ಕೆ ಹೊಡೆದರೆ ಹೊಡೆಯಲಿ ಎಂದು ಗಟ್ಟಿಯಾಗಿ ಕೂತಿದ್ದೆ. ಅವಳು ಬಯ್ಯಲೂ ಇಲ್ಲ.

"ಅಪ್ಪಗ ಮಾತಾಡ್ಲಿಕ್ಕೆ ಬರತಿದ್ದಿಲ್ಲ, ಮಾಮಾ," ಎಂದಳು. "ನನಗ ಬರತಿತ್ತು. ಮೂರು ವರ್ಷ ನಾನೂ ಆಡಲಿಲ್ಲ."

ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಹತ್ತಿರಕ್ಕೆ ಸರಿದು ಕೂತು, ಸಣ್ಣವಳಿದ್ದಾಗ ಕೇಳುತ್ತಿದ್ದ ದನಿಯಲ್ಲಿ ಕೇಳಿದಳು: "ನೀ ಕೇಳೀದಿ ಅಲ್ಲ, ಅವರು ಹಾಡಿದ್ದು? ಎಂಟನೇದ್ರಾಗ ನನಗ ಏನಂದಿದ್ರು?"

ಆ ಪದ್ಯ ಬಿದ್ದದ್ದು ಜಗತ್ತಿನಲ್ಲಿ ಎರಡೇ ಕಿವಿಗೆ, ನನ್ನವಕ್ಕೆ. ಆ ದಿನ ಭಾವ ಹಾಡುವಾಗ ನಾನು ಪರದೆಯ ಮೇಲೆ ಕಣ್ಣಿಟ್ಟು ಕೂತಿದ್ದೆ. ದನಿಯ ಗೆರೆ ಮೇಲಕ್ಕೆ ಹಾರುತ್ತದೋ, ಬೀದಿಯ ಹಾರ್ನು ಸೇರಿಕೊಳ್ಳುತ್ತದೋ, ಬರೆದುಕೊಳ್ಳುತ್ತಿದೆಯೋ ಇಲ್ಲವೋ, ಅದೇ ನೋಡುತ್ತಿದ್ದೆ. ಮದುವೆಯಲ್ಲಿ ಕೇಳಿದರಾಯಿತು ಎಂದುಕೊಂಡಿದ್ದೆ. ಎಲ್ಲೋ ಟಿಕೀಟಿನ ಮಾತೊಂದು ಬಂದಿತ್ತು. ಯಾರ ಟಿಕೀಟು, ಎಲ್ಲಿಗೆ, ಗೊತ್ತಿಲ್ಲ. ಏನಾದರೂ ಕಟ್ಟಿ ಹೇಳೋಣವೇ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ನಂಬುತ್ತಿದ್ದಳು.

"ನೆನಪಿಲ್ಲ, ಪೂರ್ವಾ," ಎಂದೆ. "ನಾ ಮಷಿನ್ ನೋಡಕೋತ ಕೂತಿದ್ದೆ."

ನೆನಪಾಗಬಹುದೇನೋ ಎಂದು ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತ ಕೂತಳು.